ಎಂಟಿಲ್ಲದ ಸಂಖ್ಯೆ

ಸಾಂತಾ ರುಫಿನಾ ಮರುಭೂಮಿಯ ನಡುವೆ ನೆಲದಿಂದ ಪೆಟ್ಲುಪ್ಪು ಅಗೆಯುವ ಕಂಪನಿ ಕಟ್ಟಿಸಿದ ಊರು. ಅಲ್ಲಿನ ಶಾಲೆಯಲ್ಲಿ ಎರ್ಮೆಲಿಂಡಾ ಬರ್ರಾಸಾ ಲೆಕ್ಕ ಕಲಿಸುತ್ತಿದ್ದರು. ಮಧ್ಯಾಹ್ನದ ಗಾಳಿಗೆ ಮಕ್ಕಳ ರೆಪ್ಪೆಯ ಮೇಲೂ ಬಿಳಿ ಧೂಳು ಕೂರುತ್ತಿತ್ತು. ನಿದ್ದೆಗಣ್ಣಿನ ಅಂಥ ಹೊತ್ತಿನಲ್ಲೇ ಒಂದು ದಿನ ಅವರು ಹಲಗೆಯ ಮೇಲೆ 12345679 ಎಂದು ಬರೆದು, ಸುಣ್ಣದ ಕಡ್ಡಿಯನ್ನು ನಿಯೆವೆಸ್ ಎಂಬ ಹುಡುಗಿಯ ಕೈಗೆ ಕೊಟ್ಟರು.

"ನಿಂಗೆ ಬರೆಯೋಕೆ ಯಾವ ಅಂಕಿ ಕಷ್ಟ?"

"ಏಳು, ಟೀಚರ್."

"ಗೊತ್ತು. ನಿನ್ನ ಏಳು ಸಂಬಳದ ದಿನ ಮನೆಗೆ ಬರೋ ಗಂಡಸರ ಥರ ವಾಲಾಡುತ್ತೆ. ಇದನ್ನ ಅರವತ್ಮೂರರಿಂದ ಗುಣಿಸು."

ನಿಯೆವೆಸ್ ಗೊಣಗುತ್ತ ಗುಣಿಸಿದಳು. ಉತ್ತರ 777777777. ಸಾಲುಗಟ್ಟಿ ನಿಂತ ಏಳುಗಳನ್ನು ನೋಡಿ ತರಗತಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಅಂಕಿ ಬೇಕಾಯಿತು. ಬೇಕಾದ ಅಂಕಿಯನ್ನು ಒಂಬತ್ತರಿಂದ ಗುಣಿಸಿ, ಬಂದದ್ದರಿಂದ ಈ ಸಂಖ್ಯೆಯನ್ನು ಗುಣಿಸಿದರೆ ಆಯಿತು, ಆ ಅಂಕಿಯೇ ಉದ್ದಕ್ಕೂ ಬಂದು ನಿಲ್ಲುತ್ತಿತ್ತು.

ನಿಯೆವೆಸ್ ಮಾತ್ರ ಹಲಗೆ ಬಿಟ್ಟು ಕದಲಲಿಲ್ಲ. "ಟೀಚರ್, ಇದರಲ್ಲಿ ಎಂಟು ಎಲ್ಲಿ?"

ಎರ್ಮೆಲಿಂಡಾಗೆ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಎಂದರು.

ಆ ನಾಳೆ ಬರಲಿಲ್ಲ. ಮರುದಿನವೇ ಕಂಪನಿ ಬಾಗಿಲು ಹಾಕಿತು. ಬಾಗಿಲು, ಕಿಟಕಿ, ಛಾವಣಿಯ ತಗಡು ಎಲ್ಲವನ್ನೂ ಕಿತ್ತು ಲಾರಿಗೆ ಹೇರಿಕೊಂಡು ಜನ ದಿಕ್ಕಿಗೊಬ್ಬರಂತೆ ಚದುರಿದರು. ಟೀಚರ್ ಇಕೀಕೆ ಬಂದರಿನ ಬಾಡಿಗೆ ಕೋಣೆ ಸೇರಿದರು. ಕಡಲ ಸದ್ದಿಗೆ ಹೊಂದಿಕೊಳ್ಳಲಾಗದ ಆ ದಿನಗಳಲ್ಲಿ, ಒಂದನ್ನು ಎಂಬತ್ತೊಂದರಿಂದ ಭಾಗಿಸುತ್ತ ಕುಳಿತಾಗ ಅದೇ ಸಂಖ್ಯೆ ಮೂಡಿ, ಎಂಟಿನ ಗುಟ್ಟು ಬಯಲಾಯಿತು. ಹೇಳೋಣವೆಂದರೆ ಕೇಳಿದವಳು ಎಲ್ಲಿದ್ದಾಳೋ.

ಕೂದಲು ಪೂರ್ತಿ ನರೆತ ಮೇಲೆ ಒಂದು ಬೆಳಗ್ಗೆ ಮೀನಿನ ಮಾರುಕಟ್ಟೆಯಲ್ಲಿ ಯಾರೋ ತೋಳು ಹಿಡಿದರು. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡ ದಪ್ಪನೆಯ ಹೆಂಗಸು. ನಕ್ಕಾಗ ಗುರುತು ಸಿಕ್ಕಿತು.

"ನಿಯೆವೆಸ್, ಆ ಎಂಟು..." ಕುಶಲ ಕೇಳುವುದಕ್ಕೂ ಮೊದಲೇ ಟೀಚರ್ ಶುರುಮಾಡಿದರು. "ಒಂದನ್ನ ಎಂಬತ್ತೊಂದರಿಂದ ಭಾಗಿಸಿದ್ರೆ ಅದೇ ಸಂಖ್ಯೆ ಬರುತ್ತೆ. ಅದರಲ್ಲಿ ಏಳಾದ ಮೇಲೆ ಎಂಟು, ಒಂಬತ್ತು, ಹತ್ತು ಅಂತಾನೇ ಬರ್ಬೇಕು ಕಣೇ. ಆದ್ರೆ ಹತ್ತು ಒಂದೇ ಮನೇಲಿ ಹಿಡಿಸಲ್ಲ, ಅದರ ಒಂದು ಪಕ್ಕದ ಒಂಬತ್ತಕ್ಕೆ ಹೋಗುತ್ತೆ. ಈಗ ಒಂಬತ್ತೂ ಹತ್ತಾಯ್ತು, ಅದೂ ಒಂದನ್ನ ಎಂಟಕ್ಕೆ ದಾಟಿಸುತ್ತೆ. ಹಂಗಾಗಿ ನಮಗೆ ಕಾಣೋ ಒಂಬತ್ತು ಇದೆಯಲ್ಲ, ಅದೇ ಎಂಟು."

ನಿಯೆವೆಸ್ ಮೊಮ್ಮಗಳನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡಳು. "ಎಂಟನ್ನೂ ಕಂಪನಿಯವರೇ ಲಾರಿಗೆ ಹಾಕ್ಕೊಂಡು ಹೋದ್ರು ಅಂತ ನಮ್ಮಪ್ಪ ಹೇಳ್ತಿದ್ದ. ನಾನು ನಂಬಿದ್ದೆ, ಟೀಚರ್."

ಅವಳು ಬಿಡಲಿಲ್ಲ, ಮನೆಗೆ ಕರೆದೊಯ್ದಳು. ಬಿಸಿ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ಕೊಟ್ಟಳು. ಯಾರು ಎಲ್ಲಿ ಹೋದರು, ಯಾರು ತೀರಿಕೊಂಡರು ಎಂದು ಇಬ್ಬರೂ ಸಾಂತಾ ರುಫಿನಾದ ಬೀದಿಗಳನ್ನು ಮನೆಮನೆಯಾಗಿ ಮಾತಿನಲ್ಲೇ ನಡೆದರು. ರೊಟ್ಟಿ ಅಂಗಡಿಯ ತಿರುವು ಮುಟ್ಟುವಷ್ಟರಲ್ಲಿ ಟೀಚರ್ ಕಣ್ಣು ತುಂಬಿತ್ತು. ನಿಯೆವೆಸ್ ಅವರ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.