ಹಿಮದ ಪ್ರಶ್ನೆ ಅಳಿಸಿದ ಫೈಲಕ್ಕ

ಬೆಳಗ್ಗೆ ಐದೂವರೆ. ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ತಾ ಇದ್ದಾನೆ. ಫೈಲಕ್ಕ ಆಗಲೇ ಸೈಕಲ್ ಒರಗಿಸಿ ಒಂದು ಬಾಗಿಲು ಬಡೀತಾ ಇದ್ದಾರೆ. ಅವರು ಬಡಿದ್ರೆ ಮೂರು ಬೀದಿಯ ಕೋಳಿಗಳೂ ಎದ್ದು ಸಾಲಾಗಿ ನಿಲ್ತವೆ.

"ಏಳಪ್ಪಾ! ನಿನ್ನ ಮೆಷಿನ್ ಅರ್ಜಿ ಮತ್ತೆ ತಗೋತಾರಂತೆ. ಇಲ್ಲೊಂದು ಸೈನ್ ಹಾಕು."

"ಅದನ್ನ ಕೈಬಿಟ್ಟು ವರ್ಷ ಆಯ್ತಲ್ಲಕ್ಕಾ."

"ಬಿಟ್ಟಿದ್ದನ್ನ ಹಿಡ್ಕೋ. ಇದೇನು ಮದುವೇನಾ, ಮುಹೂರ್ತ ಮೀರೋಕೆ?"

ಫೈಲಕ್ಕ ಅಂದ್ರೆ ಹೊಸ ಮೆಷಿನ್ ಕಂಡುಹಿಡಿಯೋರಿಗೆ ಸಹಾಯ ಕೊಡೋ ಸರ್ಕಾರಿ ಆಫೀಸಿನ ಅಟೆಂಡರ್. ಇಪ್ಪತ್ತೆರಡು ವರ್ಷದ ಸರ್ವೀಸು. ಗಂಡ ಹೋದ ಮೇಲೆ ಇಬ್ಬರು ಹೆಣ್ಮಕ್ಕಳನ್ನ ಒಬ್ಬರೇ ಓದಿಸಿದ್ದಾರೆ. ದಿನಕ್ಕೆ ನಲವತ್ತು ಫೈಲು, ನಾಲ್ಕು ಮಹಡಿ. ಲಿಫ್ಟು ಅವರಿಗಿಂತ ಮೊದಲೇ ರಿಟೈರ್ ಆಗಿದೆ.

ದೂರದ ಒಂದು ಶ್ರೀಮಂತ ದೇಶದ ಹಾಗೆ ನಾವೂ ಬೇಗ ಮುಂದೆ ಬರಬೇಕು ಅಂತ ಸಾಹೇಬರು ಅಲ್ಲಿನ ಫಾರಂನೇ ಇಳಿಸಿಕೊಂಡಿದ್ರು. ಹದಿನಾಲ್ಕನೇ ಕಾಲಂ: 'ಹಿಮದಲ್ಲಿ ಓಡಿಸಿ ನೋಡಿದ್ದೀರಾ?' ನಾವು ಹಿಮ ಕಂಡಿರೋದು ಕ್ಯಾಲೆಂಡರಲ್ಲಿ! ಖಾಲಿ ಬಿಟ್ಟವರ ಅರ್ಜಿ ವಾಪಸ್. ಅರವತ್ಮೂರು ಜನ. ಆ ಲಕೋಟೆಗಳಿಗೆ ಗೋಂದು ಹಚ್ಚಿದ್ದು ಫೈಲಕ್ಕನೇ.

"ಒಬ್ಬೊಬ್ಬರದೂ ಎಷ್ಟೆಷ್ಟು ವರ್ಷದ ತಲೆಬಿಸಿ. ಅಂಟಿಸೋ ಮುಂಚೆ ಒಂದೊಂದು ಹೆಸರೂ ಓದ್ತಿದ್ದೆ," ಅಂತಾರೆ.

ನಮ್ಮ ಬೀದೀಲಿ ಬಟ್ಟೆ ಒಗೆಯೋ ಚಿಕ್ಕಮ್ಮ, ಕರೆಂಟೇ ಬೇಡದ, ಪೆಡಲ್ ತುಳಿದು ಒಗೆಯೋ ಡ್ರಮ್ ಮಾಡಿದ್ರು. ಅರವತ್ನಾಲ್ಕನೇ ಲಕೋಟೆ ಅವರದ್ದೇ ಆಗಬೇಕಿತ್ತು. ಫೈಲಕ್ಕ ಗೋಂದು ಬದಿಗಿಟ್ಟು, ಡ್ರಮ್ಮನ್ನ ಗಾಡಿಗೆ ಹೇರಿ ಐಸ್ ಫ್ಯಾಕ್ಟರಿಗೆ ತಗೊಂಡು ಹೋದ್ರು. ಸಾಹೇಬರನ್ನೂ ಕರೆಸಿದ್ರು. ಒಳಗಿನ ಚಳಿಗೆ ಸಾಹೇಬರ ನೆರಳಿಗೂ ನೆಗಡಿ ಬಂತಂತೆ. ಡ್ರಮ್ಮಿನ ನೀರು ಗಡ್ಡೆ ಕಟ್ಟಿತು, ಅಂಗಿ ಹಲಗೆ ಆಯ್ತು.

"ಹಿಮದಲ್ಲಿ ನಡೆಯಲ್ಲ ಸಾರ್, ಬರ್ಕೊಳ್ಳಿ. ಈಗ ಹೇಳಿ, ನಮ್ಮಲ್ಲಿ ಹಿಮದೊಳಗೆ ಕೂತು ಬಟ್ಟೆ ಒಗೆಯೋರು ಯಾರು?"

ಸಾಹೇಬರು ಹಲ್ಲು ಕಟಕಟ ಅನ್ನಿಸ್ತಾನೇ ನಕ್ಕುಬಿಟ್ರು. ಹದಿನೈದು ದಿನದಲ್ಲಿ ಆ ಕಾಲಂ ಹೋಯ್ತು. ಅದರ ಜಾಗಕ್ಕೆ 'ಕರೆಂಟ್ ಹೋದಾಗ ನಡೆಯುತ್ತಾ?' ಬಂತು.

ಅರ್ಜಿ ಪಾಸಾಗಿ, ಚಿಕ್ಕಮ್ಮನ ಡ್ರಮ್ಮು ಈಗ ಎಂಟು ಹಾಸ್ಟೆಲಲ್ಲಿ ತಿರುಗ್ತಾ ಇದೆ. "ಬಗ್ಗಿ ಒಗೆದೂ ಒಗೆದೂ ಬಂದ, ಡಾಕ್ಟರ್ ಕೈಲೂ ಇಳೀದ ಸೊಂಟನೋವು ಇಳಿಸಿದ ತಾಯಿ ನಮ್ಮ ಫೈಲಕ್ಕ. ತಣ್ಣಗಿರಲಿ," ಅಂತಾರೆ ಚಿಕ್ಕಮ್ಮ.

ವಾಪಸ್ ಹೋದವರೆಲ್ಲ ಮತ್ತೆ ಅರ್ಜಿ ಹಾಕೋಕೆ ಈ ತಿಂಗಳೇ ಕೊನೆ. ಪತ್ರ ಹಾಕಿದ್ರೆ ಸಾಲದಾ ಅಂದ್ರೆ ಫೈಲಕ್ಕ ಅಡ್ಡಡ್ಡ ತಲೆ ಆಡಿಸ್ತಾರೆ: "ಬೇಡ ಅಂದಿದ್ದೂ ಪತ್ರದಲ್ಲೇ ಅಲ್ವಾ? ಬಾ ಅನ್ನೋದನ್ನ ಮುಖ ನೋಡಿ ಹೇಳ್ಬೇಕು."

ಡ್ಯೂಟಿಗೆ ಮುಂಚೆ ದಿನಾ ಎರಡು ಮೂರು ಮನೆ. ಐವತ್ತೆರಡು ಜನ ಸಿಕ್ಕಿದ್ದಾರೆ.

"ಇನ್ನು ಹನ್ನೊಂದು. ಅವರು ಬೇಜಾರಲ್ಲಿ ಮೆಷಿನ್ನನ್ನ ಗುಜರಿಗೆ ಹಾಕೋಕೆ ಮುಂಚೆ ನಾನು ಹೋಗಿ ಬಾಗಿಲು ತಟ್ಟಬೇಕು. ಅಷ್ಟೇ ಆಸೆ."