ನನ್ನ ಮೇಲೆ ಕೇಸು ಹಾಕಿದ ಪಾಲಿಸಿ ಮೇಡಂ

ಬಸ್ಸಿನ ಸೀಟಿನಲ್ಲಿ ಕೂತರೆ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಷ್ಟು ಕುಳ್ಳಗಿದ್ದರು. ಕೂತ ಕೂಡಲೇ ಚಪ್ಪಲಿ ಎರಡೂ ಕಳಚಿ ಕೆಳಗೆ ಬೀಳುತ್ತಿದ್ದವು. ಪುಟ್ಟ ಪಾದಗಳನ್ನು ಆಡಿಸುತ್ತಾ, ಕಣ್ಣು ಮುಚ್ಚಿಕೊಂಡು, ನಿಂತ ಬಸ್ಸಿನಲ್ಲೇ ಎಲ್ಲಿಗೋ ಹೊರಟವರ ಹಾಗೆ ಕೂತಿರುತ್ತಿದ್ದರು. ಒಂದು ನಿಮಿಷ ಆದ ಮೇಲೆ ಎದ್ದು ಪಕ್ಕದ ಸೀಟು. ಹೀಗೆ ಹದಿನೇಳು ಸೀಟೂ ಆಗಬೇಕು. ಆಮೇಲೆಯೇ ಅರ್ಜಿಗೆ ಪೆನ್ನು ಮುಟ್ಟಿಸುವುದು.

ನಾನು ಬಸವನಗುಡಿಯಲ್ಲಿ ಒಂದು ಮಿನಿ ಬಸ್ ಇಟ್ಟುಕೊಂಡು, ನಾನೇ ಓಡಿಸಿಕೊಂಡು ಬದುಕುತ್ತಿರುವವನು. ದೇವಸ್ಥಾನ, ಮದುವೆ, ನಾಮಕರಣ, ಯಾರು ಕರೆದರೂ ಹೋಗುತ್ತೇನೆ. ಅವರು ಇನ್ಶೂರೆನ್ಸ್ ಏಜೆಂಟ್. ಚಾಮರಾಜಪೇಟೆಯಲ್ಲಿ ತಂಗಿಯ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಬಾಡಿಗೆ ಗಾಡಿ ಓಡಿಸುವ ನಾವೆಲ್ಲ ಅವರನ್ನು ಪಾಲಿಸಿ ಮೇಡಂ ಎನ್ನುತ್ತಿದ್ದೆವು. ಫೋನಿನಲ್ಲೇ ಐದು ನಿಮಿಷಕ್ಕೆ ಪಾಲಿಸಿ ಬರುವ ಕಾಲದಲ್ಲಿ ಈಯಮ್ಮ ಸೀಟು ಸೀಟಿಗೂ ಕೂತು ಏಳುವುದನ್ನು ಕಾಯಬೇಕಲ್ಲ ಎಂದು ಮೊದಮೊದಲು ನನಗೆ ಮೈ ಉರಿಯುತ್ತಿತ್ತು.

"ಸೀಟು ಎಷ್ಟು ಅಂತ ಆರ್‌ಸಿಲೇ ಬರೆದಿದೆಯಲ್ಲ ಮೇಡಂ" ಎಂದೆ ಒಮ್ಮೆ.

"ಗಾಡಿ ಇನ್ಶೂರೆನ್ಸು ಬೇರೆ, ಗಾಡೀಲಿ ಕೂತೋರ ಇನ್ಶೂರೆನ್ಸು ಬೇರೆ ಕಣೋ. ಗಾಡಿ ಯಾರದು ಅಂತ ನಂಗೊತ್ತು, ನಿಂದು. ಕೂತ್ಕೊಳ್ಳೋರು ಯಾರು ಅಂತ ನಿಂಗೊತ್ತಾ?"

"ಯಾರೋ ಬರ್ತಾರೆ."

"ಆ ಯಾರೋನೇ ನಾನೀಗ ನೋಡ್ತಿರೋದು. ಸುಮ್ನಿರು."

ಮತ್ತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯದೆಯೇ, "ಇಲ್ಲೊಬ್ಬಳು ಬಾಣಂತಿ ಕೂತಿದಾಳೆ. ಈ ಕಂಬಿ ಅಲ್ಲಾಡ್ತಿದೆ, ಬಿಗಿ ಮಾಡ್ಸು" ಎಂದರು. ನನಗೆ ನಗು ಬಂತು. ಆದರೂ ಅವತ್ತೇ ಬಿಗಿ ಮಾಡಿಸಿದೆ. ಅದಾದ ಮೇಲೆ ಆ ಸೀಟಿನ ಕಡೆ ನೋಡಿದಾಗಲೆಲ್ಲ ಮಡಿಲಲ್ಲಿ ಕೂಸು ಇಟ್ಟುಕೊಂಡ ಹೆಂಗಸೊಬ್ಬಳು ನನಗೂ ಕಾಣತೊಡಗಿದಳು.

ಅರ್ಜಿ ಬರೆದಾದ ಮೇಲೆ ಒಂದು ಸುತ್ತು ಹೊಡಿ ಎನ್ನುತ್ತಿದ್ದರು. ಬೆಳಗಿನ ಗಾಂಧಿ ಬಜಾರು. ಮರಗಳ ಕೆಳಗೆ ಇನ್ನೂ ಅರ್ಧ ನಿದ್ದೆ, ಬುಟ್ಟಿಗಳಲ್ಲಿ ಸೇವಂತಿಗೆ, ಎಲ್ಲಿಂದಲೋ ಕಾಫಿ ಬೀಜ ಹುರಿಯುವ ವಾಸನೆ. ಖಾಲಿ ಬಸ್ಸಿನಲ್ಲಿ ಅವರೊಬ್ಬರೇ. ನಾನು ನಡೆಯುವ ವೇಗದಲ್ಲಿ ಗಾಡಿ ಬಿಡುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಹಿತವಾದ ಟ್ರಿಪ್ಪು ಇನ್ನೊಂದಿಲ್ಲ ಎಂದರೆ ನನ್ನ ಹೆಂಡತಿ ಬೇಜಾರು ಮಾಡಿಕೊಂಡಾಳು, ಆದರೆ ನಿಜ. ನಾನು ಮೊದಲಿನಿಂದಲೂ ಹಗಲುಗನಸಿನ ಆಸಾಮಿ. ಸ್ಟೀರಿಂಗ್ ಹಿಡಿಯುವವನಿಗೆ ಅದು ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದೆ.

ಅದರ ಫಲ ಒಂದು ಭಾನುವಾರ ಬಂತು. ಭಜನೆ ಮಂಡಳಿಯ ಹೆಂಗಸರನ್ನು ಕನಕಪುರದ ಕಡೆಯ ಬೆಟ್ಟದ ದೇವಸ್ಥಾನಕ್ಕೆ ಕರೆದುಕೊಂಡು ಹೊರಟಿದ್ದೆ. ಮಂಡಳಿಯಲ್ಲಿ ಪಾಲಿಸಿ ಮೇಡಮ್ಮೂ ಇದ್ದರು. ಶ್ರುತಿ ಸೇರುತ್ತಿರಲಿಲ್ಲ ಎಂದು ತಾಳ ಕೊಟ್ಟು ಕೂರಿಸಿದ್ದರು. ದಾರಿಯಲ್ಲಿ ಒಂದು ಕೆರೆ. ನೀರಿನ ಮೇಲಿಂದ ಮಂಜು ಏಳುತ್ತಿತ್ತು, ಅದರೊಳಗೆ ಬೆಳ್ಳಕ್ಕಿಗಳು ಒಂದೊಂದಾಗಿ ಇಳಿದು ಇಲ್ಲವಾಗುತ್ತಿದ್ದವು. ಹಿಂದಿನಿಂದ ಸಣ್ಣ ದನಿಯಲ್ಲಿ ಹಾಡು. ರಸ್ತೆಯಲ್ಲಿದ್ದ ಹಂಪ್ ನನಗೆ ಕಾಣಲೇ ಇಲ್ಲ.

ಬಸ್ಸು ಮೇಲೆದ್ದಾಗ ಸದ್ದೇ ಇರಲಿಲ್ಲವೇನೋ ಎಂದು ಈಗಲೂ ಅನ್ನಿಸುತ್ತದೆ. ಕನ್ನಡಿಯಲ್ಲಿ ಕನಕಾಂಬರದ ದಂಡೆಯೊಂದು ಗಾಳಿಯಲ್ಲಿ ನಿಂತಿತ್ತು. ತಾಳ, ಚಪ್ಪಲಿ, ಬಾಳೆಹಣ್ಣು ಎಲ್ಲ ನಿಧಾನಕ್ಕೆ ತೇಲುತ್ತಿದ್ದವು. ಆಮೇಲೆ ಗಾಡಿ ಎಡಕ್ಕೆ ಹಳ್ಳಕ್ಕಿಳಿದು ಹೊಂಗೆ ಮರಕ್ಕೆ ಒರಗಿತು. ಆಗ ಎಲ್ಲ ಸದ್ದೂ ಒಟ್ಟಿಗೇ ಕೇಳಿಸಿತು.

ಮೇಡಂ ಭುಜದ ಮೂಳೆ ಬಿರುಕು ಬಿಟ್ಟಿತು. ನಾಲ್ಕಾರು ಜನಕ್ಕೆ ಗಾಯ. ಎಲ್ಲಕ್ಕಿಂತ ಹೆಚ್ಚು ಪೆಟ್ಟಾದದ್ದು ಹೂವಿನಮ್ಮನಿಗೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಹೂ ಕಟ್ಟಿ ಮಾರುವವರು. ಅವರ ಬಲಗೈ ಕಿಟಕಿಯ ಚೌಕಟ್ಟಿಗೆ ಸಿಕ್ಕಿ ಜಜ್ಜಿಹೋಗಿತ್ತು. "ನಾಯಿ ಅಡ್ಡ ಬಂತು" ಎಂದೆ ನಾನು. ಯಾರೂ ಇನ್ನೂ ಕೇಳಿರಲಿಲ್ಲ. ಪೊಲೀಸರಿಗೂ ಅದನ್ನೇ ಹೇಳಿದೆ. ಮಾರನೆಯ ದಿನದ ಹೊತ್ತಿಗೆ ಮಂಡಳಿಯ ಇಬ್ಬರು ಆ ನಾಯಿಯನ್ನು ಕಣ್ಣಾರೆ ಕಂಡಿದ್ದರು. ಒಬ್ಬರಿಗಂತೂ ಅದರ ಬಣ್ಣ ಕೂಡ ಗೊತ್ತಿತ್ತು.

ಮೂಸಂಬಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಕೈಗೆ ಇನ್ನೊಂದು ಆಪರೇಷನ್ ಆಗದಿದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಕೇಸು ಹಾಕಿದರೆ ಪರಿಹಾರ ಬರುತ್ತದೆ ಎಂದು ಮಗಳು ಒತ್ತಾಯ ಮಾಡುತ್ತಿದ್ದಳು. ಹೂವಿನಮ್ಮ ಹೇಳಿದ್ದು ಬಾಗಿಲಲ್ಲಿ ನಿಂತ ನನಗೆ ಕೇಳಿಸಿತು:

"ಅವನು ನಮ್ಮ ಹುಡುಗ ಕಣೆ. ದಿನಾ ಬಸ್ಸಿಗೆ ನನ್ ಹತ್ರಾನೇ ಹೂ ತಗೊಳ್ತಾನೆ. ಅವನ ಹೊಟ್ಟೆ ಮೇಲೆ ಹೆಂಗೆ ಹೊಡೀಲಿ?"

ನನಗೆ ಆದದ್ದು ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೇಸು ಎಂದರೆ ಕೋರ್ಟು, ಕೋರ್ಟು ಎಂದರೆ ಲೈಸೆನ್ಸು ಹೋಗುತ್ತದೆ ಎಂಬ ಭಯ. ಕೊಡುವುದು ನಾನಲ್ಲ, ಇನ್ಶೂರೆನ್ಸ್ ಕಂಪನಿ, ಧಾರಾಳವಾಗಿ ಹಾಕಿ ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮೂಸಂಬಿ ಇಟ್ಟು ಬಂದೆ. ಉಳಿದ ಹೆಂಗಸರೂ ಹಾಗೆಯೇ, ಪಾಪ ಎಂದುಕೊಂಡು ಸುಮ್ಮನಾದರು.

ಒಂದು ತಿಂಗಳಿಗೆ ಕೋರ್ಟಿನಿಂದ ನೋಟಿಸು ಬಂತು. ಕೇಸು ಹಾಕಿದ್ದವರು ಪಾಲಿಸಿ ಮೇಡಂ.

"ನಮ್ಮನೇಲಿ ಕಾಫಿ ಕುಡಿದೋರು ಇಂಥ ಕೆಲ್ಸ ಮಾಡಿದಾರಲ್ರೀ" ಎಂದು ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಸೀದಾ ಚಾಮರಾಜಪೇಟೆಗೆ ಹೋದೆ. ಅವರು ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಟ್ಟುಕೊಂಡು ಮೇಜಿನ ಮುಂದೆ ಕೂತಿದ್ದರು. ಅಲ್ಲೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

"ನಿಮ್ಗೆ ನಾನೇನು ಅನ್ಯಾಯ ಮಾಡಿದ್ದೆ ಮೇಡಂ?"

"ಕೂತ್ಕೋ. ಹೂವಿನಮ್ಮ ಯಾಕೆ ಕೇಸು ಹಾಕಿಲ್ಲ?"

"ಅವ್ರಿಗೆ ದಾಕ್ಷಿಣ್ಯ."

"ನಿಂಗೆ?"

ಕೈಲಿದ್ದ ನೋಟಿಸನ್ನು ಮಡಚಿ ಜೇಬಿಗಿಟ್ಟೆ.

"ಯಾರಾದ್ರೂ ಒಬ್ಬರು ಮೊದ್ಲು ಕೆಟ್ಟೋರಾಗ್ಬೇಕು ಕಣೋ. ಆಮೇಲೆ ಉಳಿದೋರಿಗೆ ಸಲೀಸು. ಅದಕ್ಕೇ ನಾನಾದೆ. ಹದಿನೇಳು ಸೀಟಿಗೂ ವರ್ಷ ವರ್ಷ ಕಟ್ಟಿದೀಯಲ್ಲ, ಯಾತಕ್ಕೆ? ಅವ್ರ ಕೈ ಹೋದ್ಮೇಲೆ ಆ ಕಾಗದ ಬೀರುವಿನಲ್ಲಿಟ್ಟು ಪೂಜೆ ಮಾಡೋಕಾ?"

ತಂಗಿ ಕಾಫಿ ತಂದುಕೊಟ್ಟರು. ಕುಡಿಯದೆ ಎದ್ದು ಬಂದೆ. ಆದರೆ ಅವರ ಲೆಕ್ಕಾಚಾರ ಸರಿಯಾಗಿತ್ತು. ಮೇಡಮ್ಮೇ ಹಾಕಿದ್ದಾರಂತೆ ಎಂಬ ಸುದ್ದಿ ಹೂವಿನ ಸಾಲಿಗೆ ಮುಟ್ಟಿ, ವಾರದೊಳಗೆ ಹೂವಿನಮ್ಮನೂ ಮಗಳ ಮಾತಿಗೆ ಒಪ್ಪಿದರು.

ಎರಡು ಕೇಸೂ ಒಟ್ಟಿಗೇ ನಡೆದವು. ಅಲ್ಲಿ ನನ್ನ ನಾಯಿ ಎಲ್ಲರಿಗೂ ಅಡ್ಡ ಬಂತು. ನಾಯಿ ನುಗ್ಗಿದ್ದರಿಂದ ಆದದ್ದು, ಡ್ರೈವರನ ತಪ್ಪಿಲ್ಲ, ತಪ್ಪಿಲ್ಲದ ಮೇಲೆ ನಾವೇಕೆ ಕೊಡಬೇಕು ಎಂದು ಕಂಪನಿಯ ವಕೀಲರು ವಾದಿಸಿದರು. ನನ್ನನ್ನು ಉಳಿಸಲು ಮಂಡಳಿಯವರು ಸಾಕಿದ ನಾಯಿ ಹೂವಿನಮ್ಮನ ಕೈಗೇ ಬಾಯಿ ಹಾಕುವುದರಲ್ಲಿತ್ತು. ಮೇಡಂ ಸಾಕ್ಷಿ ಹೇಳಲು ನಿಂತರು. ಕಟಕಟೆಯ ಮೇಲೆ ಅವರ ತಲೆ ಮಾತ್ರ ಕಾಣುತ್ತಿತ್ತು.

"ನಾಯಿ ಇರ್ಲಿಲ್ಲ ಸ್ವಾಮಿ. ಅವನು ಕೆರೆ ನೋಡ್ತಿದ್ದ. ಕನ್ನಡೀಲಿ ಅವನ ಕಣ್ಣು ನಂಗೆ ಕಾಣ್ತಿತ್ತು. ನಾನೂ ಕೆರೆನೇ ನೋಡ್ತಿದ್ದೆ, ಚೆನ್ನಾಗಿತ್ತು. ಆದ್ರೆ ಸ್ಟೀರಿಂಗ್ ಇದ್ದಿದ್ದು ಅವನ ಕೈಲಿ."

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಸರದಿ ಬಂದಾಗ, ಏನು ಹೇಳಬೇಕೆಂದು ನಮ್ಮ ವಕೀಲರು ಹೇಳಿಕೊಟ್ಟಿದ್ದೆಲ್ಲ ಮರೆತುಹೋಯಿತು. ಎದುರಿಗೆ ಹೂವಿನಮ್ಮ ಕೂತಿದ್ದರು. ಮಡಚಲಾರದ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು, ನಾನು ನೋಡಿದರೆ ನನಗೆ ಬೇಜಾರಾದೀತು ಎಂದು. ಅಲ್ಲೂ ದಾಕ್ಷಿಣ್ಯ.

"ನಾಯಿ ಇರ್ಲಿಲ್ಲ. ಕೆರೆ ನೋಡ್ತಿದ್ದೆ. ತಪ್ಪು ನಂದೇ" ಎಂದೆ.

ಹೊರಗೆ ಬಂದಾಗ ಮೇಡಂ ಮರದ ನೆರಳಲ್ಲಿ ನಿಂತಿದ್ದರು. "ಮನೇಗೆ ಬಿಡು ಬಾ. ಈ ಹೊತ್ತಲ್ಲಿ ಆಟೋದವ್ರು ಚಾಮರಾಜಪೇಟೆಗೆ ಬರಲ್ಲ ಅಂತಾರೆ" ಎಂದರು. ಕೇಸು ಹಾಕಿದವರನ್ನು, ಕೇಸು ಹಾಕಿಸಿಕೊಂಡವನು, ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಮೈಸೂರು ಬ್ಯಾಂಕ್ ಸರ್ಕಲ್ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಬಿಸಿಲು, ಮರದ ನೆರಳು, ಮತ್ತೆ ಬಿಸಿಲು ಅವರ ಮುಖದ ಮೇಲೆ ಹಾದುಹೋಗುತ್ತಿದ್ದವು. ಒಂದೇ ಸಲ ಕನ್ನಡಿ ನೋಡಿದೆ. ಉಳಿದ ದಾರಿಯೆಲ್ಲ ರಸ್ತೆಯನ್ನೇ ನೋಡಿದೆ.

ನನ್ನ ಲೈಸೆನ್ಸು ಕೆಲವು ತಿಂಗಳು ಹೋಯಿತು, ದಂಡವೂ ಆಯಿತು. ಹೂವಿನಮ್ಮನಿಗೆ ಪರಿಹಾರ ಸಿಕ್ಕಿ ಎರಡನೇ ಆಪರೇಷನ್ ಆಯಿತು. ಎರಡು ಬೆರಳು ಮಾತ್ರ ಇನ್ನೂ ಸರಿಯಾಗಿ ಮಡಚುವುದಿಲ್ಲ. ಈಗ ಮಗಳು ಕಟ್ಟುತ್ತಾಳೆ, ಅವರು ಮೊಳ ಹಾಕಿ ಕೊಡುತ್ತಾರೆ, ನನಗೆ ಯಾವಾಗಲೂ ಗೇಣು ಜಾಸ್ತಿ.

ಮೇಡಂ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. ಅವತ್ತು ಅವರ ತಂಗಿ ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದು ಬಂದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ಈಗ ಪ್ರತಿ ಟ್ರಿಪ್ಪಿಗೂ ಮುಂಚೆ ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: "ನಿಮಗೆಲ್ಲ ಇನ್ಶೂರೆನ್ಸ್ ಇದೆ. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ಮೇಲೆ ಕೇಸು ಹಾಕಿ. ದಾಕ್ಷಿಣ್ಯ ಮಾಡ್ಕೋಬೇಡಿ." ದೇವಸ್ಥಾನಕ್ಕೆ ಹೊರಟವರ ಮುಖ ಸಣ್ಣದಾಗುತ್ತದೆ. ಹೊರಡುವ ಹೊತ್ತಲ್ಲಿ ಎಂಥ ಮಾತು ಎಂದು ಹಿರಿಯರು ಗದರುತ್ತಾರೆ, ಬಿಡ್ತು ಅನ್ನು ಎನ್ನುತ್ತಾರೆ. ನಾನು ಬಿಡ್ತು ಅನ್ನುವುದಿಲ್ಲ. ಎಲ್ಲರೂ ಕೂತರೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, ಬಾಗಿಲು ಹಾಕಿ, ಗಾಡಿ ತೆಗೆಯುತ್ತೇನೆ.