ನೆತ್ತಿಯ ಮೇಲಿನ ಗಂಟು

ಆ ವರ್ಷ ದೊಡ್ಡ ಫ್ಲೂ ಜ್ವರ ನಮ್ಮೂರು ಕೌತಾಳಕ್ಕೂ ಬಂತು. ನನಗದು ಎರಡನೆಯ ಹೆರಿಗೆ. ಬಾಣಂತಿ ಕೋಣೆಯಿಂದ ಇನ್ನೂ ಎದ್ದಿರಲಿಲ್ಲ, ಅಷ್ಟರಲ್ಲೇ ಮೈ ಸುಡತೊಡಗಿತು. ಕೂಸಿಗೂ ಹತ್ತಿದರೆ ಉಳಿಯುವುದಿಲ್ಲ ಎಂಬ ಹೆದರಿಕೆಗೆ ನನ್ನ ಗಂಡ ಆದವಾನಿ ಆಸ್ಪತ್ರೆಯಿಂದ ನರ್ಸಮ್ಮನನ್ನು ಕರೆತಂದರು.

ನಮ್ಮತ್ತೆ ಹಾಲಿನವಳ ಹಾಲನ್ನೂ ಬೆರಳದ್ದಿ ನೋಡದೆ ಒಳಗೆ ಬಿಟ್ಟವರಲ್ಲ. ನರ್ಸಮ್ಮನ ಮೂಗು ಬಾಯಿ ಮುಚ್ಚಿ ಬಿಳಿ ಬಟ್ಟೆ. ಅದರ ಮೇಲಿನ ಲಾಡಿಗಳ ಗಂಟು ನೆತ್ತಿಯ ಮೇಲೆ. ನಮ್ಮಲ್ಲಿ ಸತ್ತವರ ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಬಿಗಿದು ಗಂಟು ಹಾಕುವುದೂ ಅಲ್ಲೇ. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

"ಬಾಣಂತಿ ಮನಿಗೆ ಹೆಣದ ಗಂಟು ಹಾಕ್ಕೊಂಡು ಬಂದೀಯಲ್ಲವ್ವ, ಯಾರನ್ನ ಒಯ್ಯಾಕ?"

"ಲೇದಮ್ಮಾ, ಹಂಗಲ್ಲ, ಇದು ಜ್ವರ ಹತ್ತಬಾರದು ಅಂತ."

"ಅಂದ್ರ ನನ್ನ ಸೊಸಿ ಉಳಿಯಂಗಿಲ್ಲ ಅಂತ ನಿನಗ ಗೊತ್ತೈತಿ. ಬಿಚ್ಚಿ ಬಾ, ಇಲ್ಲಾಂದ್ರ ಹೋಗು."

ಒಳಗೆ ಮಲಗಿದ್ದ ನನಗೂ ಅದೇ ಅನುಮಾನ. ಇವಳಿಗೆ ಏನೋ ತಿಳಿದಿದೆ, ಹೇಳುತ್ತಿಲ್ಲ.

ಕೂಸು ಅತ್ತಿತು. ನರ್ಸಮ್ಮ ಗಂಟು ಬಿಚ್ಚಿ ಒಳಗೆ ಬಂದಳು. ನನ್ನನ್ನು ನೋಡಲು ಬಾಗಿದಾಗ ಕೆಮ್ಮು ತಡೆಯಲಾಗದೆ ಅವಳ ಮುಖಕ್ಕೇ ಕೆಮ್ಮಿದೆ. ಹಾಲು ಕುಡಿಸುವಾಗ ಸೆರಗಿನಿಂದ ಮೂಗು ಬಾಯಿ ಬಿಗಿದುಕೋ, ಉಳಿದ ಹೊತ್ತು ಕೂಸು ಅತ್ತೆಯ ಹತ್ತಿರ ಇರಲಿ ಎಂದಳು. ನಾಡಿದ್ದು ಬರುತ್ತೇನೆಂದು ಹೋದಳು.

ಬರಲಿಲ್ಲ. "ಹೇಳಲಿಲ್ಲೇನು, ಓಡಿಹೋದ್ಲು ಆಕಿ" ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ, ಕೂಸನ್ನು ನನ್ನ ಮಡಿಲಿಗೆ ಹಾಕುವ ಮುಂಚೆ ಸೆರಗು ಬಿಗಿಸುತ್ತಿದ್ದರು. ಆಮೇಲೆ ಸಂತೆಗೆ ಹೋಗಿ ಬಂದ ನನ್ನ ಗಂಡ ಸುದ್ದಿ ತಂದರು: ನರ್ಸಮ್ಮ ಅದೇ ಜ್ವರಕ್ಕೆ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಳೆ. ಅತ್ತೆ ಅಂದು ಉಣ್ಣಲಿಲ್ಲ.

ನನ್ನ ಜ್ವರ ಬಿಟ್ಟು, ಕೂಸು ಗಟ್ಟಿಯಾಗಿ ಅಳುವಂತಾದ ಮೇಲೆ ನರ್ಸಮ್ಮ ಬಂದಳು. ಕೊರಳಿನ ಎಲುಬುಗಳು ಎದ್ದು ಕಾಣುತ್ತಿದ್ದವು. ಅತ್ತೆಯನ್ನು ಕಂಡದ್ದೇ ಹೊಸ್ತಿಲಾಚೆ ನಿಂತು ನೆತ್ತಿಯ ಗಂಟು ಬಿಚ್ಚಲು ಕೈ ಹಾಕಿದಳು.

"ತಡಿ" ಎಂದರು ಅತ್ತೆ. ಆ ಗಂಟನ್ನು ಅನುಮಾನದಿಂದಲೇ ನೋಡಿ, ತಾವೇ ಬಿಚ್ಚಿದರು. ಬಟ್ಟೆ ಜಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಲಾಡಿಗಳನ್ನು ಹಿಂದಲೆಗೆ ಒಯ್ದು, ಜಗ್ಗಿ ಕಟ್ಟಿದರು.

"ನೀ ಬದುಕಿರಾಕಿ. ಗಂಟು ಹಿಂದ ಇರ್ಲಿ. ಬಾ ಒಳಗ."